ಹವಾಗುಣ ಒಪ್ಪಂದಗಳಲ್ಲಿ ವಿಶ್ವವಿದ್ಯಾಲಯಗಳು: ತುಮಕೂರು ಜಿಲ್ಲೆಯ ಬರಸೀಮೆಯ ಕಡೆಯಿಂದ

ಹವಾಗುಣ ಬದಲಾವಣೆಯನ್ನು ಕುರಿತ ಅಂತಾರಾಷ್ಟ್ರೀಯ ಮಾತುಕತೆಗಳಲ್ಲಿ ಸಹಿ ಹಾಕುವವು ಸರ್ಕಾರಗಳು. ಆದರೆ ಯಾವುದನ್ನು ಅಳೆಯಬೇಕು, ಹೇಗೆ ಅಳೆಯಬೇಕು, ಒಂದು ಎಕರೆ ತೋಪು ಎಷ್ಟು ಇಂಗಾಲ ಹಿಡಿದಿಟ್ಟಿತು, ಒಂದು ಹಳ್ಳಿಯ ಒಲೆ ಎಷ್ಟು ಸೌದೆ ಉಳಿಸಿತು ಎಂಬ ಲೆಕ್ಕದ ಕ್ರಮಗಳು ಬಹುಮಟ್ಟಿಗೆ ರೂಪುಗೊಂಡದ್ದು ವಿಶ್ವವಿದ್ಯಾಲಯಗಳಲ್ಲಿ. ಕರ್ನಾಟಕದಲ್ಲಿ ಈ ನಂಟನ್ನು ಹುಡುಕಹೊರಟರೆ ಬೆಂಗಳೂರಿನ ಪ್ರಯೋಗಾಲಯಗಳಷ್ಟೇ ಮುಖ್ಯವಾಗಿ ಕಾಣಸಿಗುವುದು ತುಮಕೂರು ಜಿಲ್ಲೆಯ ಹಳ್ಳಿಗಳು. ದಕ್ಷಿಣದ ಕುಣಿಗಲ್ ತಾಲ್ಲೂಕಿನಲ್ಲಿ ಮೊದಲಾದ ಕೆಲಸ ಉತ್ತರದ ಕೊರಟಗೆರೆಯವರೆಗೆ ಬಂತು. ಪಾವಗಡದ ಹೊಲಗಳಲ್ಲಿ ಅದು ಬೇರೊಂದು ದಾರಿ ಹಿಡಿದು ಆಂಧ್ರದ ಗಡಿ ದಾಟಿತು. ಕೊರಟಗೆರೆ (ಕೊಳಾಲ ಹೋಬಳಿಯೂ ಸೇರಿ), ಮಧುಗಿರಿ, ಸಿರಾ, ಪಾವಗಡ ಈ ನಾಲ್ಕು ಒಣ ತಾಲ್ಲೂಕುಗಳನ್ನು ನಡುವಿಟ್ಟುಕೊಂಡು ಆ ಕಥೆಯನ್ನು ಈ ಲೇಖನ ನಿರೂಪಿಸುತ್ತದೆ.

ಸೀಮೆ

ಈ ನಾಲ್ಕೂ ತಾಲ್ಲೂಕುಗಳು ರಾಜ್ಯದ ಕೃಷಿ-ಹವಾಗುಣ ವಿಂಗಡಣೆಯಲ್ಲಿ ಮಧ್ಯ ಒಣ ವಲಯಕ್ಕೆ ಸೇರುತ್ತವೆ. ಕೆಂಪು ಮಣ್ಣು, ಎಲ್ಲೆಲ್ಲೂ ಬಂಡೆಗುಡ್ಡ, ಸರಪಳಿಯಂತೆ ಕೆರೆಗಳು. ಮಳೆಯ ಮುಖ್ಯ ಪಾಲು ಬರುವುದು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಜೂನ್, ಜುಲೈ ತಿಂಗಳ ಮುಂಗಾರು ಪಶ್ಚಿಮಘಟ್ಟದ ಆಚೆಯೇ ಸುರಿದುಹೋಗಿ, ಇಲ್ಲಿಗೆ ತಲುಪುವುದು ಗಾಳಿಯೇ ಹೆಚ್ಚು. ಕೊರಟಗೆರೆ ಕಡೆ ರಾಗಿ ಮತ್ತು ಅಡಿಕೆ, ಪಾವಗಡದಲ್ಲಿ ಶೇಂಗಾ, ಸಿರಾ ಮಧುಗಿರಿಗಳಲ್ಲಿ ರಾಗಿಯೂ ಶೇಂಗಾವೂ.

ಭೂಪಟ ನೋಡಿದವರಿಗೆ ಗಡಿಯ ವಿಚಿತ್ರ ಕಾಣಿಸುತ್ತದೆ. ಪಾವಗಡವನ್ನು ಮೂರು ಕಡೆಯಿಂದ ಆಂಧ್ರಪ್ರದೇಶ ಸುತ್ತುವರಿದಿದೆ. ಆಂಧ್ರದ ಮಡಕಶಿರಾ ಸೀಮೆಯಾದರೋ ಕರ್ನಾಟಕದೊಳಕ್ಕೆ ಚಾಚಿ, ಸಿರಾ, ಮಧುಗಿರಿ, ಪಾವಗಡಗಳ ನಡುವೆ ಸಿಕ್ಕಿಕೊಂಡಿದೆ. ರೊಳ್ಳ, ಅಗಳಿ, ಅಮರಾಪುರಂ ಸುತ್ತಿನ ಊರುಗಳಲ್ಲಿ ಕನ್ನಡ ಮನೆಮಾತು. ಪಾವಗಡದ ಅನೇಕ ಊರುಗಳಲ್ಲಿ ತೆಲುಗು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಅಮರಾಪುರಂ ಮಂಡಲದಲ್ಲಿದೆ. ಮಳೆ, ಮಣ್ಣು, ಬೆಳೆ, ಬಂಧುತ್ವ ಎಲ್ಲವೂ ಒಂದೇ ಆಗಿರುವಲ್ಲಿ ಆಡಳಿತ ಮಾತ್ರ ಎರಡು. ಬದಲಾಗುವ ಹವಾಗುಣಕ್ಕೆ ಗಡಿ ಮೀರಿದ ಹೊಂದಾಣಿಕೆ ಎಂದು ಜಾಗತಿಕ ವೇದಿಕೆಗಳಲ್ಲಿ ಚರ್ಚೆಯಾಗುವ ಪ್ರಶ್ನೆ ಇಲ್ಲಿ ಎರಡು ರಾಜ್ಯಗಳ ಪ್ರಶ್ನೆಯಾಗಿ ನಿತ್ಯವೂ ಎದುರಾಗುತ್ತದೆ.

ವಿಶ್ವವಿದ್ಯಾಲಯಗಳು ಮಾತುಕತೆಯೊಳಗೆ ಬರುವ ದಾರಿಗಳು

1988ರಲ್ಲಿ ಸ್ಥಾಪನೆಯಾದ ಐಪಿಸಿಸಿ, ಅಂದರೆ ಹವಾಗುಣ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ, ಮೊದಲ ಮತ್ತು ಅತಿ ದೊಡ್ಡ ದಾರಿ. ಇದರ ವರದಿಗಳನ್ನು ಬರೆಯುವವರು ಸಂಬಳವಿಲ್ಲದೆ ದುಡಿಯುವ ಸಂಶೋಧಕರು. ವರದಿಯ ಸಾರಾಂಶವನ್ನು ಸರ್ಕಾರಗಳ ಪ್ರತಿನಿಧಿಗಳು ಲೇಖಕರ ಎದುರಲ್ಲೇ ಸಾಲುಸಾಲಾಗಿ ಒಪ್ಪಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ (ಊರಿನ ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್) ಹಲವರು ಈ ಕೆಲಸ ಮಾಡಿದ್ದಾರೆ. ಜೆ. ಶ್ರೀನಿವಾಸನ್ 2007ರ ನಾಲ್ಕನೆಯ ವರದಿಯಲ್ಲಿ ಹವಾಗುಣ ಮಾದರಿಗಳ ಅಧ್ಯಾಯಕ್ಕೆ ಲೇಖಕರಾಗಿದ್ದರು. ಜಿ. ಬಾಲ ಐದನೆಯ ವರದಿಯ ಇಂಗಾಲ ಚಕ್ರದ ಅಧ್ಯಾಯದಲ್ಲೂ ಆರನೆಯ ವರದಿಯ ಭವಿಷ್ಯದ ಹವಾಗುಣದ ಅಧ್ಯಾಯದಲ್ಲೂ ಇದ್ದರು. ಎನ್.ಎಚ್. ರವೀಂದ್ರನಾಥ್ ನಾಲ್ಕು ಮತ್ತು ಐದನೆಯ ವರದಿಗಳ ಅರಣ್ಯ ಮತ್ತು ಭೂಬಳಕೆ ಅಧ್ಯಾಯಗಳಲ್ಲಿ ಪಾಲ್ಗೊಂಡರು. ಬೆಂಗಳೂರಿನದೇ ಆದ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟಲ್‌ಮೆಂಟ್ಸ್‌ನ ಅರೋಮರ್ ರೆವಿ 2018ರ 1.5 ಡಿಗ್ರಿ ವಿಶೇಷ ವರದಿಯ ಒಂದು ಅಧ್ಯಾಯವನ್ನು ಮುನ್ನಡೆಸಿದವರಲ್ಲಿ ಒಬ್ಬರು.

ಎರಡನೆಯ ದಾರಿಯ ಸುದ್ದಿ ಹೊರಗೆ ಬರುವುದು ಕಡಿಮೆ, ಆದರೆ ಅದರ ಕೆಲಸ ದೊಡ್ಡದು. 1992ರ ಹವಾಗುಣ ಚೌಕಟ್ಟು ಒಪ್ಪಂದಕ್ಕೆ ಸಹಿ ಹಾಕಿದ ದೇಶ ತನ್ನ ಹೊಗೆ, ಕಾಡು, ಬೇಸಾಯಗಳ ಲೆಕ್ಕವನ್ನು ಆಗಾಗ ಒಪ್ಪಿಸಬೇಕು. ಭಾರತ ಸಲ್ಲಿಸಿದ ರಾಷ್ಟ್ರೀಯ ವರದಿಗಳಲ್ಲಿ ಅರಣ್ಯದ ಭಾಗಕ್ಕೆ ದುಡಿದವರಲ್ಲಿ ವಿಜ್ಞಾನ ಸಂಸ್ಥೆಯೂ ಒಂದು. ಇನ್ನು ಸಮ್ಮೇಳನದ ಅಂಗಳದಲ್ಲಿ ಸಂಶೋಧನಾ ಸಂಸ್ಥೆಗಳಿಗೆ ವೀಕ್ಷಕರ ಗುಂಪೊಂದಿದೆ. ಅವರಿಗೆ ಮತವಿಲ್ಲ, ಮಾತಿಗೆ ಅವಕಾಶವಿದೆ. ಕಾನೂನಿನ ಕಡೆಯಿಂದ ನೋಡಿದರೆ, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಓದಿ ಮುಂದೆ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದ ಲಾವಣ್ಯ ರಾಜಾಮಣಿ 2015ರ ಪ್ಯಾರಿಸ್ ಒಪ್ಪಂದದ ಕರಡು ತಿದ್ದುವ ಸಲಹಾ ತಂಡದಲ್ಲಿದ್ದರು.

ಉಂಗ್ರದಿಂದ ಹೊಸಹಳ್ಳಿಗೆ

1992ರ ಆ ಒಪ್ಪಂದಕ್ಕೆ ಸಹಿ ಬಿದ್ದ ರಿಯೊ ಶೃಂಗಸಭೆಗೆ 18 ವರ್ಷ ಮೊದಲೇ, 1974ರಲ್ಲಿ, ರಸಾಯನಶಾಸ್ತ್ರದ ಪ್ರಾಧ್ಯಾಪಕ ಅಮೂಲ್ಯ ಕೆ.ಎನ್. ರೆಡ್ಡಿ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ, ತಂತ್ರಜ್ಞಾನ ಒದಗಿಸುವುದು ಅದರ ಉದ್ದೇಶ. ಹಳ್ಳಿಯ ಕಡೆಯ ನೆಲೆಯಾಗಿ ಅವರು ಆರಿಸಿಕೊಂಡದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ. ಉಂಗ್ರ ಮತ್ತು ಸುತ್ತಲ ಊರುಗಳಲ್ಲಿ ಮನೆಮನೆಗೆ ಹೋಗಿ, ಸೌದೆ ಎಷ್ಟು, ಅದನ್ನು ಯಾರು ಎಷ್ಟು ಹೊತ್ತು ಆಯ್ದು ತಂದರು, ಎತ್ತು ಎಷ್ಟು ದುಡಿದವು, ನೀರು ಎಷ್ಟು ದೂರದಿಂದ ಬಂತು ಎಂದು ತೂಗಿ, ಅಳೆದು, ಬರೆದುಕೊಂಡರು. ಹಳ್ಳಿಯ ಶಕ್ತಿಬಳಕೆಯಲ್ಲಿ ಸಿಂಹಪಾಲು ಅಡುಗೆ ಒಲೆಯದು, ಅದರ ಹೊರೆ ಹೆಂಗಸರು ಮಕ್ಕಳ ಮೇಲೆ ಬೀಳುತ್ತದೆ ಎಂಬುದು ಅಂಕಿಅಂಶಗಳಲ್ಲೇ ಸ್ಪಷ್ಟವಾಯಿತು. ಕಾಡು ಕಡಿಯುವವರು ಬಡವರು ಎಂಬ ಸುಲಭದ ಮಾತನ್ನೂ ಈ ಲೆಕ್ಕ ಅಲ್ಲಗಳೆಯಿತು. ಹಳ್ಳಿಯ ಒಲೆಗೆ ಹೋಗುತ್ತಿದ್ದುದು ಬಹುಪಾಲು ಆಯ್ದು ತಂದ ಚಕ್ಕೆ ಪುಳ್ಳೆ.

ಇಲ್ಲಿಂದ ಹೊರಟ ‘ಅಸ್ತ್ರ ಒಲೆ’ ರಾಜ್ಯದ ಅಡುಗೆಮನೆಗಳಿಗೆ ಹೋಯಿತು. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿ ಅನಿಲದಿಂದ ಎಂಜಿನ್ ಓಡಿಸಿ ದೀಪ, ಕುಡಿಯುವ ನೀರು ಕೊಟ್ಟರು. ರೆಡ್ಡಿಯವರು ಬ್ರೆಜಿಲ್‌ನ ಜೊಸೆ ಗೋಲ್ಡೆಂಬರ್ಗ್, ಸ್ವೀಡನ್‌ನ ಥಾಮಸ್ ಯೋಹಾನ್ಸನ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ರಾಬರ್ಟ್ ವಿಲಿಯಮ್ಸ್ ಜತೆ ಸೇರಿ 1988ರಲ್ಲಿ ‘ಎನರ್ಜಿ ಫಾರ್ ಎ ಸಸ್ಟೇನಬಲ್ ವರ್ಲ್ಡ್’ ಎಂಬ ಗ್ರಂಥ ತಂದರು. ಶಕ್ತಿಯ ಬೇಡಿಕೆಯನ್ನು ಕಲ್ಲಿದ್ದಲ ಟನ್ನುಗಳಿಂದ ಎಣಿಸುವುದನ್ನು ಬಿಟ್ಟು, ಜನರಿಗೆ ಬೇಕಾದ ಬೆಳಕು, ನೀರು, ಬೆಂದ ಅನ್ನದಿಂದ ಎಣಿಸಬೇಕೆಂಬುದು ಅದರ ವಾದ. ಗೋಲ್ಡೆಂಬರ್ಗ್ ರಿಯೊ ಶೃಂಗಸಭೆಯ ವರ್ಷ ಬ್ರೆಜಿಲ್ ಸರ್ಕಾರದಲ್ಲಿ ಪರಿಸರದ ಹೊಣೆ ಹೊತ್ತಿದ್ದರು. ಉಂಗ್ರದ ಒಲೆಗಳ ನಡುವೆ ಕೂತು ಕಲಿತದ್ದು ಜಾಗತಿಕ ಚರ್ಚೆಗೆ ತಲುಪಿದ ದಾರಿಗಳಲ್ಲಿ ಇದೂ ಒಂದು. ಕನ್ನಡ ನಾಡಿನ ವಿಜ್ಞಾನ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

1988ರಲ್ಲೇ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಮತ್ತೊಂದು ಪ್ರಯೋಗ ಮೊದಲಾಯಿತು. ಕರೆಂಟೇ ಕಾಣದಿದ್ದ, 35 ಮನೆಗಳ ಊರು. ಅಲ್ಲಿ 3.7 ಕಿಲೋವಾಟ್‌ನ ಸೌದೆ ಅನಿಲಯಂತ್ರ ಕೂರಿಸಿದರು. ಮುಂದೆ ಅದನ್ನು 20 ಕಿಲೋವಾಟ್‌ಗೆ ಏರಿಸಿದರು. ಒಣಗಿದ ಸೌದೆಯ ತುಂಡುಗಳನ್ನು ಸಾಕಷ್ಟು ಗಾಳಿ ಕೊಡದೆ ಸುಟ್ಟರೆ ಪೂರ್ತಿ ಉರಿಯುವ ಬದಲು ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಬೆರೆತ ಅನಿಲ ಹುಟ್ಟುತ್ತದೆ. ಅದನ್ನು ತಣಿಸಿ, ಡಾಂಬರಿನಂಥ ಜಿಡ್ಡು ತೆಗೆದು ಎಂಜಿನ್‌ಗೆ ಊಡಿದರೆ ಡೈನಮೊ ತಿರುಗುತ್ತದೆ. ಊರ ಪಕ್ಕದಲ್ಲೇ ಬೆಳೆಸಿದ ತೋಪಿನಿಂದ ಸೌದೆ ಬರುತ್ತಿತ್ತು. ಮನೆಗೆ ದೀಪ, ಬೀದಿಗೆ ನಲ್ಲಿ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ಪಂಪು ಎಲ್ಲವೂ ಇದರಿಂದಲೇ. ಮನೆಯವರು ಶುಲ್ಕ ಕೊಡುತ್ತಿದ್ದರು. ಈ ಏರ್ಪಾಡು ಹತ್ತು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅದರ ದಿನವಹಿ ದಾಖಲೆಗಳನ್ನು ಇಟ್ಟುಕೊಂಡು ರವೀಂದ್ರನಾಥ್ ಮತ್ತು ಸಂಗಡಿಗರು 2004ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ರವೀಂದ್ರನಾಥ್ ಲಂಡನ್ನಿನ ಕಿಂಗ್ಸ್ ಕಾಲೇಜಿನ ಡೇವಿಡ್ ಹಾಲ್ ಜತೆ 1995ರಲ್ಲಿ ಜೈವಿಕ ಶಕ್ತಿಯ ಬಗೆಗೂ, ಸ್ವೀಡನ್‌ನ ಮ್ಯಾಡಲೀನ್ ಓಸ್ಟ್‌ವಾಲ್ಡ್ ಜತೆ 2008ರಲ್ಲಿ ಇಂಗಾಲ ಎಣಿಸುವ ವಿಧಾನಗಳ ಬಗೆಗೂ ಪುಸ್ತಕ ಬರೆದವರು.

ಕಬ್ಬಿಗೆರೆ

ಹವಾಗುಣ ಒಪ್ಪಂದ ನೇರವಾಗಿ ಕೊರಟಗೆರೆ ತಾಲ್ಲೂಕಿಗೆ ಬಂದದ್ದು ಬೆರಿ ಯೋಜನೆಯ ಮೂಲಕ. ಗ್ರಾಮೀಣ ಭಾರತಕ್ಕೆ ಜೈವಿಕ ಶಕ್ತಿ ಎಂಬುದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ‘ಬೆರಿ’. 1992ರ ಒಪ್ಪಂದಕ್ಕೆ ಹಣಕಾಸಿನ ಅಂಗವಾಗಿ ಕೆಲಸ ಮಾಡುವ ಜಾಗತಿಕ ಪರಿಸರ ನಿಧಿ ಸುಮಾರು 40 ಲಕ್ಷ ಡಾಲರ್ ಕೊಟ್ಟಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ಭಾರತ–ಕೆನಡಾ ಪರಿಸರ ನಿಧಿ ಕೈಜೋಡಿಸಿದವು. ನಡೆಸುವ ಹೊಣೆ ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು, ತಂತ್ರಜ್ಞಾನ ವಿಜ್ಞಾನ ಸಂಸ್ಥೆಯದು. ತುಮಕೂರು ಜಿಲ್ಲೆಯ 24 ಹಳ್ಳಿಗಳಲ್ಲಿ ಮರ ಬೆಳೆಸುವುದು, ಗುಂಪು ಗೋಬರ್ ಗ್ಯಾಸ್ ಕಟ್ಟುವುದು, ಸೌದೆಯಿಂದ ವಿದ್ಯುತ್ ತಯಾರಿಸುವುದು ಇದರ ಅಂಗಗಳು. ಮೂರು ಕಡೆ ಸೇರಿ 0.88 ಮೆಗಾವಾಟ್ ಸಾಮರ್ಥ್ಯದ ಘಟಕಗಳು ನಿಂತವು. ಅವುಗಳಲ್ಲಿ ಹೆಸರಾದದ್ದು ಕಬ್ಬಿಗೆರೆ.

ಕಬ್ಬಿಗೆರೆಯಲ್ಲಿ ಹೊಸಹಳ್ಳಿಯ ಮಾದರಿಯನ್ನು ಒಂದು ಮುಖ್ಯ ವಿಷಯದಲ್ಲಿ ಬದಲಿಸಲಾಯಿತು. ಹೊಸಹಳ್ಳಿಯ ಯಂತ್ರ ತನ್ನೂರಿಗೆ ತಾನೇ ಬೆಳಕು ಕೊಡುತ್ತಿತ್ತು. ಕಬ್ಬಿಗೆರೆಯದು ವಿದ್ಯುತ್ ವಿತರಣಾ ಕಂಪನಿ ಬೆಸ್ಕಾಂನ ಜಾಲಕ್ಕೆ ಜೋಡಿಸಿದ ಘಟಕ. ಗ್ರಾಮ ಪಂಚಾಯಿತಿಯೇ ವಿದ್ಯುತ್ ತಯಾರಿಸಿ ಕಂಪನಿಗೆ ಮಾರುವ ಏರ್ಪಾಡು. ಪಂಚಾಯಿತಿಯೊಂದು ವಿದ್ಯುತ್ ಉತ್ಪಾದಕನಾಗುವುದು ದೇಶದ ಮಟ್ಟದಲ್ಲೇ ಸುದ್ದಿಯಾಯಿತು, ನೋಡಲು ದೂರದೂರದಿಂದ ಜನ ಬಂದರು.

ಆದರೆ ಘಟಕ ನಿರೀಕ್ಷಿಸಿದಂತೆ ಓಡಲಿಲ್ಲ. ಇದನ್ನು ತಂತ್ರಜ್ಞಾನ ರೂಪಿಸಿದ ವಿಜ್ಞಾನ ಸಂಸ್ಥೆಯವರೇ ಮುಚ್ಚಿಡದೆ ದಾಖಲಿಸಿದ್ದಾರೆ. 2011ರಲ್ಲಿ ಎಸ್. ದಾಸಪ್ಪ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದಲ್ಲಿ 100 ಕಿಲೋವಾಟ್‌ನ ಒಂದು ಘಟಕ ಅಂದುಕೊಂಡ ಮಟ್ಟದಲ್ಲಿ ಕೆಲಸ ಮಾಡುತ್ತಿರಲಿಲ್ಲ ಎಂದು ಒಪ್ಪಿ, ಮುಂದೆ ಮಾಡಿದ್ದನ್ನು ಬರೆದಿದ್ದಾರೆ. ಸಂಸ್ಥೆಯವರು ಮತ್ತೆ ಹಳ್ಳಿಗೆ ಬಂದು, ಸೌದೆ ಒಣಗಿಸುವುದರಿಂದ ಹಿಡಿದು ನೀರು ಶುದ್ಧಿಯವರೆಗೆ ಸರಿಪಡಿಸಿ, ಕೆಲಸಗಾರರಿಗೆ ಕಲಿಸಿ, ಘಟಕವನ್ನು ಸತತವಾಗಿ ಓಡಿಸಿ ತೋರಿಸಿದರು. 1,035 ಗಂಟೆಗಳಲ್ಲಿ 111 ಟನ್ ಸೌದೆ ಸುಟ್ಟು 80.6 ಮೆಗಾವಾಟ್-ಗಂಟೆ ವಿದ್ಯುತ್ ಬಂತು. ಸೌದೆಯಲ್ಲಿದ್ದ ಶಕ್ತಿಯ ಶೇ. 18ರಷ್ಟು ವಿದ್ಯುತ್ತಾಯಿತು, 100 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ತಪ್ಪಿತು. ಆ ಅವಧಿಯಲ್ಲಿ ಜಾಲದಲ್ಲೇ ಕರೆಂಟ್ ಹೋಗಿ ನಿಂತದ್ದು ಸುಮಾರು 70 ಗಂಟೆ. ಆಮೇಲೆ ಇನ್ನೊಂದು ಸಾವಿರ ಗಂಟೆ ಓಡಿಸಿದವರು ಊರಿನ ಕೆಲಸಗಾರರೇ.

ಈ ಅಂಕಿಗಳನ್ನು ಸ್ವಲ್ಪ ನಿಂತು ನೋಡಬೇಕು. ಒಂದು ಯೂನಿಟ್‌ಗೆ ಹತ್ತಿರ ಹತ್ತಿರ 1.4 ಕಿಲೋ ಸೌದೆ ಬೇಕಾಯಿತು. ಕಿಲೋ ಸೌದೆಗೆ ಎರಡು ರೂಪಾಯಿ ಎಂದು ಹಿಡಿದರೂ ಸೌದೆಯ ಬಾಬ್ತಿಗೇ ಯೂನಿಟ್ಟಿಗೆ ಎರಡೂ ಮುಕ್ಕಾಲು ರೂಪಾಯಿ ಹೋಗುತ್ತದೆ. ಕೂಲಿ, ರಿಪೇರಿ, ಸೌದೆ ಕತ್ತರಿಸುವ ಖರ್ಚು ಇದರ ಮೇಲೆ. ಕಲ್ಲಿದ್ದಲ ವಿದ್ಯುತ್ತಿನ ದರದ ಜತೆ ಪೈಪೋಟಿಗೆ ನಿಲ್ಲಬೇಕಾದ ಪಂಚಾಯಿತಿಗೆ ಇದು ಕಷ್ಟದ ಲೆಕ್ಕ. ತಪ್ಪಿಸಿದ 100 ಟನ್ ಹೊಗೆ ಜಗತ್ತಿಗೆ ಲಾಭ. ಅದರ ಬೆಲೆ ಪಂಚಾಯಿತಿಯ ಖಾತೆಗೆ ಯೂನಿಟ್ ದರವಾಗಿ ಬರಲಿಲ್ಲ. ಇನ್ನೊಂದು ಸಂಗತಿ: ಬರಗಾಲದಲ್ಲಿ ನೆಟ್ಟ ಗಿಡ ಒಣಗುತ್ತದೆ, ಬದುಕಿದ ಗಿಡಕ್ಕೆ ಒಲೆಯೂ ಕುರಿಯೂ ಪೈಪೋಟಿ ನೀಡುತ್ತವೆ. ಹೊಗೆ ತಗ್ಗಿಸುವ ಯೋಜನೆ ಎಂದು ಬರೆದ ಕಡತದಲ್ಲಿ ಬರಕ್ಕೆ ಹೊಂದಿಕೊಳ್ಳುವ ಪ್ರಶ್ನೆ ಬದಿಗೆ ಸರಿದಿತ್ತು. ಕೊರಟಗೆರೆಯಂಥ ಸೀಮೆಯಲ್ಲಿ ಇವೆರಡನ್ನು ಬೇರ್ಪಡಿಸಿದರೆ ಎರಡೂ ಕೈಗೂಡುವುದಿಲ್ಲ. ಆದರೂ ಯಂತ್ರ ಕೂರಿಸಿ ಫೋಟೋ ತೆಗೆಸಿಕೊಂಡು ಹೋಗದೆ, ಕೆಟ್ಟಾಗ ವಾಪಸು ಬಂದು ಸಾವಿರ ಗಂಟೆ ಪಕ್ಕದಲ್ಲಿ ನಿಂತ ಆ ಸಂಶೋಧಕರ ಕೆಲಸವನ್ನು ಹೊಗಳದೆ ಮುಂದೆ ಹೋಗಲಾಗದು. ವಿಶ್ವವಿದ್ಯಾಲಯದಿಂದ ಹಳ್ಳಿಗೆ ದೊರೆಯಬೇಕಾದ ನೆರವು ಅದೇ. ಇದೇ ಅನಿಲಯಂತ್ರದ ವಿನ್ಯಾಸವನ್ನು ಸ್ವಿಟ್ಜರ್ಲೆಂಡಿಗೂ ಒಯ್ದು ಅಲ್ಲಿ ಎರಡು ದೇಶಗಳವರು ಜಂಟಿಯಾಗಿ ಪರೀಕ್ಷಿಸಿದರು.

ಆರಿದ್ರದಿಂದ ಆಶ್ಲೇಷದವರೆಗೆ

ಪಾವಗಡ–ಅನಂತಪುರ ಸೀಮೆಯ ಶೇಂಗಾ ಕುರಿತ ಅಧ್ಯಯನ ಮಳೆಯನ್ನು ಕೇಂದ್ರಕ್ಕೆ ತಂದಿತು. ಸುಲೋಚನಾ ಗಾಡ್ಗೀಳ್ ಹಾರ್ವರ್ಡ್‌ನಲ್ಲಿ ಓದಿ 1973ರಲ್ಲಿ ವಿಜ್ಞಾನ ಸಂಸ್ಥೆಗೆ ಸೇರಿ, ಅಲ್ಲಿನ ವಾಯುಮಂಡಲ ವಿಜ್ಞಾನ ಕೇಂದ್ರ ಕಟ್ಟಿದವರಲ್ಲಿ ಪ್ರಮುಖರು. ಮುಂಗಾರಿನ ಭೌತವಿಜ್ಞಾನದಲ್ಲಿ ಅವರ ಹೆಸರು ಜಗತ್ತಿನ ಪಠ್ಯಗಳಲ್ಲಿದೆ. ಮಾನ್ಸೂನ್ ಕುರಿತು ಪ್ರಬಂಧ ಬರೆದು ಅಷ್ಟಕ್ಕೇ ಬಿಡಬಹುದಾಗಿದ್ದ ಅವರು, ಈ ಸೀಮೆಯನ್ನು ಹತ್ತಿರದಿಂದ ಬಲ್ಲ ಪಿ.ಆರ್. ಶೇಷಗಿರಿ ರಾವ್ ಮತ್ತು ಕೆ. ನರಹರಿ ರಾವ್ ಮೊದಲಾದವರ ಜತೆ ರೈತರ ಪ್ರಶ್ನೆಯಿಂದ ಶುರುಮಾಡಿದರು: ಮಳೆ ಇಷ್ಟು ಏರುಪೇರಾದರೆ ಯಾವಾಗ ಬಿತ್ತಬೇಕು?

1970ರ ದಶಕದಿಂದಾಚೆ ಈ ಸೀಮೆಯ ಹೊಲಗಳಲ್ಲಿ ನವಣೆ, ಸಜ್ಜೆ, ಹುರುಳಿ, ತೊಗರಿಯ ಮಿಶ್ರ ಬೇಸಾಯ ಹಿಂದೆ ಸರಿದು ಶೇಂಗಾ ಒಂದೇ ಹಬ್ಬಿತ್ತು. ಮಿಶ್ರ ಬೆಳೆಗೆ ತಲೆಮಾರುಗಳ ಅನುಭವವಿತ್ತು. ಹೊಸ ಬೆಳೆಗೆ ಅಂಥದ್ದಿರಲಿಲ್ಲ. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಪಿನಟ್‌ಗ್ರೊ ಎಂಬ ಬೆಳೆ-ಮಾದರಿಗೆ ಅನಂತಪುರದ ಹಲವು ವರ್ಷಗಳ ಮಳೆ ದಾಖಲೆ ಉಣಿಸಿ, ಬೇರೆಬೇರೆ ದಿನ ಬಿತ್ತಿದರೆ ಇಳುವರಿ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿದರು. ಫಲಿತಾಂಶ 2000 ಮತ್ತು 2002ರಲ್ಲಿ ಪ್ರಕಟವಾಯಿತು. ರೈತರು ಬಿತ್ತುವ ಕಾಲ ಜೂನ್ 22ರಿಂದ ಆಗಸ್ಟ್ 17ರವರೆಗಿನದು. ವಿಶಾಲವಾಗಿ ನೋಡಿದರೆ ಅದು ಸರಿಯಾದ ಕಾಲವೇ. ಆದರೆ ಅದರೊಳಗೆ ಜುಲೈ ನಡುಭಾಗದ ನಂತರ ಬಿತ್ತಿದರೆ ಬೆಳೆ ಪೂರ್ತಿ ಕೈಕೊಡುವ ಅಪಾಯ ಕಡಿಮೆ. ಮುಂಚೆ ಬಿತ್ತಿದ ಬೆಳೆ ಕಾಯಿ ಕಟ್ಟುವ ಹೊತ್ತಿಗೆ ಒಣಹವೆಗೆ ಸಿಗುತ್ತದೆ. ತಡವಾಗಿ ಬಿತ್ತಿದ್ದಕ್ಕೆ ಸೆಪ್ಟೆಂಬರ್ ಮಳೆಯ ಆಸರೆ.

ಪಂಚಾಂಗ ನೋಡುವ ಯಾವ ರೈತನಿಗಾದರೂ ಆ ದಿನಾಂಕಗಳು ಪರಿಚಿತವೇ. ಜೂನ್ 22ರ ಸುಮಾರಿಗೆ ಆರಿದ್ರ ಮಳೆ ಹುಟ್ಟುತ್ತದೆ, ಆಗಸ್ಟ್ 17ರ ಸುಮಾರಿಗೆ ಆಶ್ಲೇಷ ಮುಗಿದು ಮಘ ಬರುತ್ತದೆ. ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ ಈ ನಾಲ್ಕು ಮಳೆಗಳ ಅವಧಿಯೇ ಬಿತ್ತನೆ ಕಾಲ. ಕಂಪ್ಯೂಟರ್ ಲೆಕ್ಕ ಹೆಚ್ಚುವರಿಯಾಗಿ ಹೇಳಿದ್ದು ಪುನರ್ವಸುವನ್ನು ದಾಟಿ ಪುಷ್ಯಕ್ಕೆ ಕಾಯುವುದು ಲೇಸು ಎಂದು. ಕಾಯುವುದು ಸುಲಭವಲ್ಲ ಎಂಬುದೂ ನಿಜ. ಆರಿದ್ರದಲ್ಲಿ ಹದ ಮಳೆ ಬಿದ್ದು ಪಕ್ಕದ ಹೊಲದವರು ಕೂರಿಗೆ ಹೂಡಿದಾಗ, ಸಾಲ ಮಾಡಿ ಬೀಜ ತಂದವನಿಗೆ ಕೈಕಟ್ಟಿ ಕೂರುವ ಧೈರ್ಯ ಬರಬೇಕು. ಎಲೆ ಸುರಂಗ ಹುಳು, ಟಿಕ್ಕೆ ರೋಗಗಳೂ ಮಳೆಯ ದಿನ, ಒಣ ದಿನಗಳ ಜತೆ ಹೇಗೆ ಏರಿಳಿಯುತ್ತವೆ ಎಂಬುದನ್ನು ಈ ತಂಡ ಪರಿಶೀಲಿಸಿತು. ರೈತರನ್ನು ಸಲಹೆ ಕೇಳುವವರೆಂದು ಮಾತ್ರ ಕಾಣದೆ, ಸಂಶೋಧನೆಯ ಪ್ರಶ್ನೆಗಳನ್ನೇ ಅವರಿಂದ ಪಡೆಯಬೇಕು ಎಂಬುದು ಅವರ ನಿಲುವಾಗಿತ್ತು. ಭಾರತದ ಶೇಂಗಾ ಮುಂದೆ ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದಲ್ಲೂ ಹವಾಗುಣ–ಬೆಳೆ ಮಾದರಿಗಳ ವಸ್ತುವಾಯಿತು.

2006ರಲ್ಲಿ ಸುಲೋಚನಾ ಗಾಡ್ಗೀಳ್ ಮತ್ತು ಸಿದ್ಧಾರ್ಥ ಗಾಡ್ಗೀಳ್ ಬರೆದ ಪ್ರಬಂಧ, ತೀವ್ರ ಬರ ದೇಶದ ಒಟ್ಟು ಉತ್ಪನ್ನದ ಶೇ. 2ರಿಂದ 5ರಷ್ಟನ್ನು ಕಳೆಯುತ್ತದೆ ಎಂದು ತೋರಿಸಿತು. ಹವಾಗುಣ ಬದಲಾವಣೆ ತರುವ ನಷ್ಟ ಮತ್ತು ಹಾನಿಯ ಬಗ್ಗೆ ಇಂದು ನಡೆಯುವ ಜಾಗತಿಕ ವಾದಕ್ಕೆ ಬೇಕಾದ ಬಗೆಯ ಸಾಕ್ಷ್ಯ ಇದು.

ಜಾಗತಿಕ ಮಾದರಿಗಳ ಮಿತಿಯನ್ನೂ ಇಲ್ಲಿ ಹೇಳಬೇಕು. ಐಪಿಸಿಸಿ ಬಳಸುವ ಮಾದರಿಗಳು ಭೂಮಿಯನ್ನು ಸಾಮಾನ್ಯವಾಗಿ 100 ಕಿಲೋಮೀಟರ್ ಆಸುಪಾಸಿನ ಚೌಕಗಳಾಗಿ ಭಾಗಿಸುತ್ತವೆ. ಅಂಥ ಒಂದು ಚೌಕದಲ್ಲಿ ಕೊರಟಗೆರೆಯ ಅಡಿಕೆ ತೋಟ, ಸಿರಾದ ಕೆರೆ, ಪಾವಗಡದ ಶೇಂಗಾ ಹೊಲ, ಹಿಂದೂಪುರದ ಪೇಟೆ ಎಲ್ಲಾ ಸೇರಿಹೋಗುತ್ತವೆ. ಕೊಳಾಲದಲ್ಲಿ ಮಳೆಯಾಗಿ ಮಧುಗಿರಿಯಲ್ಲಿ ಆಗದ ದಿನವನ್ನು ಆ ಚೌಕ ಕಾಣಲಾರದು.

ಗಡಿ ದಾಟುವ ನೀರು, ಬೀಜ

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನಂದಿಯ ಕಡೆಯಿಂದ ಬರುವ ಪಿನಾಕಿನಿ ಹಿಂದೂಪುರ ದಾಟಿ, ನಾಗಲಮಡಿಕೆಯ ಬಳಿ ಪಾವಗಡ ತಾಲ್ಲೂಕನ್ನು ಹಾದು ಮತ್ತೆ ಆಂಧ್ರಕ್ಕೆ ಹೋಗುತ್ತದೆ. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ನಡುವೆ ಆದ ನದಿ ಒಪ್ಪಂದದ ಪಟ್ಟಿಯಲ್ಲಿ ಉತ್ತರ ಪಿನಾಕಿನಿಯೂ ಇದೆ. ಮೇಲಿನವರು ಹೊಸ ಕೆರೆ ಕಟ್ಟುವಾಗ ಕೆಳಗಿನವರನ್ನು ಕೇಳಬೇಕೆಂಬ ಆ ಒಪ್ಪಂದ ಮೇಲ್ಮೈ ನೀರನ್ನು ಕುರಿತದ್ದು. ಕೊಳವೆಬಾವಿಗಳು ಎತ್ತುವ ಅಂತರ್ಜಲದ ಮಾತು ಅದರಲ್ಲಿಲ್ಲ. ಈಗಿನ ಮುಖ್ಯ ಪ್ರಶ್ನೆ ಅದೇ. ಹೊಳೆಯ ಮರಳಿನಲ್ಲೂ ಕೆರೆಯಂಗಳದಲ್ಲೂ ಒರತೆ ಬಿಡಿಸಿ ಕಾಲುವೆಯಲ್ಲಿ ಹರಿಸುವ ತಲಪರಿಗೆಗಳು ಮಧುಗಿರಿ, ಪಾವಗಡ, ಕೊರಟಗೆರೆಗಳ ಹಳೆಯ ನೀರಾವರಿ. ಅಂತರ್ಜಲ ಕುಸಿದು, ಮರಳು ಸಾಗಿಹೋದ ಮೇಲೆ ಹೆಚ್ಚಿನವು ಬತ್ತಿದವು. ಈಚಿನ ವರ್ಷಗಳಲ್ಲಿ ಕೆಲವನ್ನು ಊರಿನವರೇ ಹೂಳೆತ್ತಿ ಉಳಿಸಿಕೊಂಡಿದ್ದಾರೆ. ಎರಡೂ ರಾಜ್ಯದ ವಿಶ್ವವಿದ್ಯಾಲಯಗಳು ಕೂಡಿ ಒಂದೇ ಜಲಾನಯನವಾಗಿ ಅಭ್ಯಾಸ ಮಾಡಬೇಕಾದ ವಸ್ತು ಇದು.

ಬೀಜ ಮಾತ್ರ ಗಡಿಯನ್ನು ಲೆಕ್ಕಿಸದೆ ಓಡಾಡಿದೆ. ತಮಿಳುನಾಡಿನ ತಿಂಡಿವನದಲ್ಲಿ ಹುಟ್ಟಿದ ಟಿಎಂವಿ-2 ಶೇಂಗಾ ದಶಕಗಳ ಕಾಲ ಈ ಹೊಲಗಳನ್ನು ಆಳಿತು. ಆಮೇಲೆ ಬಂದ ಕದಿರಿ-6 ಆಂಧ್ರದ ಆಚಾರ್ಯ ಎನ್.ಜಿ. ರಂಗಾ ಕೃಷಿ ವಿಶ್ವವಿದ್ಯಾಲಯದ ಕದಿರಿ ಕೇಂದ್ರದ ತಳಿ. ಈಚೆಗೆ ಕದಿರಿ ಲೇಪಾಕ್ಷಿಯೂ ಸೇರಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂಎಲ್-365ರಂಥ ರಾಗಿ ತಳಿಗಳು, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯ ಶಿಫಾರಸು ಈ ಕಡೆಯಿಂದ ಬಂದವು. 2011ರಲ್ಲಿ ಶುರುವಾದ ಹವಾಗುಣ ತಾಳಿಕೆಯ ಬೇಸಾಯದ ರಾಷ್ಟ್ರೀಯ ಯೋಜನೆ ನಿಕ್ರಾದಲ್ಲಿ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯನ್ನು ಆರಿಸಿಕೊಂಡು ಕೃಷಿಹೊಂಡ, ಬದು, ಅಲ್ಪಾವಧಿ ತಳಿ, ಬಾಡಿಗೆ ಯಂತ್ರಗಳನ್ನು ಒಟ್ಟಿಗೆ ತಂದಿತು.

ವಿದೇಶಿ ವಿಶ್ವವಿದ್ಯಾಲಯಗಳು ಸೇರಿದ ದೊಡ್ಡ ಅಧ್ಯಯನಗಳು ಕೋಲಾರ ಮತ್ತು ಬೆಂಗಳೂರಿನ ಸುತ್ತ ನಡೆದವು. ಕೇಪ್‌ಟೌನ್ ವಿಶ್ವವಿದ್ಯಾಲಯದ ಮುಂದಾಳ್ತನದಲ್ಲಿ 2014ರಿಂದ 2018ರವರೆಗೆ ಆಫ್ರಿಕ ಮತ್ತು ಭಾರತದ ಅರೆಒಣ ಪ್ರದೇಶಗಳನ್ನು ಜತೆಯಲ್ಲಿಟ್ಟು ನೋಡಿದ ‘ಅಸ್ಸಾರ್’ ಅಂಥದ್ದು. ಗುಳೆ ಹೋಗುವುದನ್ನು ಸೋಲೆಂದು ಕಾಣದೆ, ಮನೆಯವರು ಅಪಾಯ ಹಂಚಿಕೊಳ್ಳುವ ಕ್ರಮವಾಗಿಯೂ ಕಾಣಬೇಕು ಎಂಬ ವಿಚಾರ ಅದರಲ್ಲಿ ಬಲಗೊಂಡಿತು. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿಬರುವ ಪಾವಗಡದ ಕುಟುಂಬಗಳಿಗೂ ಇದು ಹೊಂದುತ್ತದೆ.

ಶಕ್ತಿಸ್ಥಳ

2015ರ ನವೆಂಬರ್ 30ರಂದು ಪ್ಯಾರಿಸ್ ಸಮ್ಮೇಳನದಲ್ಲಿ ಭಾರತ ಮತ್ತು ಫ್ರಾನ್ಸ್ ಅಂತಾರಾಷ್ಟ್ರೀಯ ಸೌರ ಒಕ್ಕೂಟವನ್ನು ಸಾರಿದವು. ಅದೇ ವರ್ಷ ಪಾವಗಡದ ಸೌರ ಪಾರ್ಕಿನ ಕಂಪನಿ ಹುಟ್ಟಿತ್ತು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ 2,000 ಮೆಗಾವಾಟ್‌ಗೂ ಮಿಗಿಲಾದ ‘ಶಕ್ತಿಸ್ಥಳ’ ಎಂಬ ಈ ಪಾರ್ಕು ಬಂತು. 2018ರ ಮಾರ್ಚ್ 1ರಂದು ಉದ್ಘಾಟನೆ. ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆಯೊಂದಿಗೆ ಗುತ್ತಿಗೆ ಪಡೆದದ್ದು ಇದರ ವಿಶೇಷ. ಬರದಲ್ಲಿ ಬೆಂದ ಹಿಡುವಳಿದಾರರಿಗೆ ಖಚಿತ ವರಮಾನ ಬಂತು. ಹೊಲವಿಲ್ಲದೆ ಕೂಲಿಯನ್ನೇ ನಂಬಿದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಹಣ ಇಲ್ಲ. ಕಬ್ಬಿಗೆರೆಯಲ್ಲಿ ಪಂಚಾಯಿತಿಯೇ ಒಡೆಯನಾಗಿತ್ತು, ಇಲ್ಲಿ ಊರಿನವರು ಬಾಡಿಗೆದಾರರಿಗೆ ನೆಲ ಕೊಟ್ಟವರು. ಈ ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಜಿಲ್ಲೆ ದೇಶದಲ್ಲಿ ಸಿಗುವುದು ಕಷ್ಟ. ಆ ಅವಕಾಶ 2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾಲಯದ ಬಾಗಿಲಲ್ಲೇ ಇದೆ.

ಸೂಚ್ಯಂಕಗಳ ಕಾಲ

ಹೊಗೆಯನ್ನು ಟನ್ನಿನಲ್ಲಿ ಎಣಿಸಬಹುದು. ಹೊಂದಾಣಿಕೆಯನ್ನು ಯಾವುದರಿಂದ ಎಣಿಸುವುದು ಎಂಬುದು ಮಾತುಕತೆಗಳಲ್ಲಿ ಬಹುಕಾಲ ಬಗೆಹರಿಯದೆ ಉಳಿಯಿತು. 2022ರಲ್ಲಿ ಈಜಿಪ್ಟ್‌ನಲ್ಲಿ ನಷ್ಟ ಮತ್ತು ಹಾನಿಗೆ ನಿಧಿ ಒಪ್ಪಿತವಾಯಿತು, 2023ರಲ್ಲಿ ದುಬೈನಲ್ಲಿ ಹೊಂದಾಣಿಕೆಯ ಜಾಗತಿಕ ಗುರಿಗೆ ಚೌಕಟ್ಟು ಬಂತು, 2025ರಲ್ಲಿ ಬ್ರೆಜಿಲ್‌ನ ಬೆಲೆಂನಲ್ಲಿ 59 ಐಚ್ಛಿಕ ಸೂಚ್ಯಂಕಗಳನ್ನು ಒಪ್ಪಿಕೊಳ್ಳಲಾಯಿತು. ನೀರು, ಆಹಾರ, ಆರೋಗ್ಯ, ಜೀವನೋಪಾಯ ಇವುಗಳ ಬಗ್ಗೆ ದೇಶಗಳು ಇನ್ನು ಈ ಸೂಚ್ಯಂಕಗಳಂತೆ ಲೆಕ್ಕ ಕೊಡಬಹುದು. ಉಂಗ್ರದಲ್ಲಿ ಒಲೆಯ ಸೌದೆ ತೂಗಿದ ಬಗೆಯ ಕೆಲಸ ಮತ್ತೆ ಬೇಕಾಗಿರುವುದು ಇಲ್ಲಿ.

ಅದಕ್ಕೆ ಬೇಕಾದ ಸಾಮಗ್ರಿ ಈ ಸೀಮೆಯಲ್ಲಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ತಾನಾಗಿ ಮಾಹಿತಿ ಕಳಿಸುವ ಮಳೆಮಾಪಕ ಇರಿಸಿದೆ. ಅದು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತದೆ. ಬೆಳೆವಿಮೆಯ ನಷ್ಟವನ್ನು ಮುಖ್ಯ ಬೆಳೆಗಳಿಗೆ ಪಂಚಾಯಿತಿ ಮಟ್ಟದಲ್ಲೇ ನಿರ್ಧರಿಸುತ್ತಾರೆ. ಗಡಿಯಾಚೆ ಆಂಧ್ರಕ್ಕೆ ತನ್ನದೇ ಮಾಪಕಗಳಿವೆ. ಕೊಳಾಲ ಹೋಬಳಿಯ ರಾಗಿ, ನಾಗಲಮಡಿಕೆಯ ಶೇಂಗಾ, ರೊಳ್ಳ ಮಂಡಲದ ಶೇಂಗಾ ಯಾವ ಮಳೆಗೆ ಬಿತ್ತನೆಯಾಯಿತು, ಯಾವ ತಳಿ, ಎಷ್ಟು ದಿನ ಒಣಹವೆ, ಎಷ್ಟು ಮಂದಿ ಗುಳೆ ಹೋದರು ಎಂಬುದನ್ನು ಒಂದೇ ಪಟ್ಟಿಯಲ್ಲಿ ವರ್ಷ ವರ್ಷ ಬರೆದಿಡುವ ಕೆಲಸವನ್ನು ಬೆಂಗಳೂರು ಮತ್ತು ರಂಗಾ ಕೃಷಿ ವಿಶ್ವವಿದ್ಯಾಲಯಗಳು, ಮಧುಗಿರಿ ಮತ್ತು ಹಿಂದೂಪುರದ ಪದವಿ ಕಾಲೇಜುಗಳ ಹುಡುಗ ಹುಡುಗಿಯರನ್ನು ಜತೆಗಿಟ್ಟುಕೊಂಡು ಮಾಡಬಹುದು. ಕನ್ನಡ, ತೆಲುಗು ಎರಡನ್ನೂ ಬಲ್ಲ ವಿದ್ಯಾರ್ಥಿಗಳು ಪಾವಗಡದಲ್ಲೂ ಮಡಕಶಿರಾದಲ್ಲೂ ಬೇಕಾದಷ್ಟು ಇದ್ದಾರೆ.